ಲಾಸ್ಲೊ ಪಾಪ್‌ಗೆ ಸಿಗದೇ ಹೋದ ಆ ಒಂದು ಪಂದ್ಯ

1956ರ ನವೆಂಬರ್ 30ರ ರಾತ್ರಿ ಶಿಕಾಗೊದಲ್ಲಿ ಫ್ಲಾಯ್ಡ್ ಪ್ಯಾಟರ್ಸನ್ ಎಂಬ 21 ವರ್ಷದ ಹುಡುಗ ಆರ್ಚಿ ಮೂರ್‌ನನ್ನು ಕೆಡವಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ. ಡಿಸೆಂಬರ್ 1ರಂದು ಮೆಲ್ಬರ್ನ್‌ನಲ್ಲಿ ಹಂಗೆರಿಯ ಲಾಸ್ಲೊ ಪಾಪ್ ತನ್ನ ಮೂರನೇ ಒಲಿಂಪಿಕ್ ಚಿನ್ನ ಗೆದ್ದ. ಅವನಿಗೆ ಆಗ 30 ವರ್ಷ. ಎರಡೂ ಊರುಗಳ ಗಡಿಯಾರ ಸೇರಿಸಿ ನೋಡಿದರೆ ಈ ಎರಡು ಗೆಲುವುಗಳ ನಡುವೆ ಒಂದು ದಿನದ ಅಂತರವೂ ಇರಲಿಲ್ಲ.

ಇವರಿಬ್ಬರೂ ನಾಲ್ಕು ವರ್ಷ ಮೊದಲು, 1952ರಲ್ಲಿ, ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಪ್ಯಾಟರ್ಸನ್ ಮಿಡಲ್‌ವೇಟ್ ಎಂಬ ತೂಕದ ವರ್ಗದಲ್ಲಿ, ಪಾಪ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಲೈಟ್ ಮಿಡಲ್‌ವೇಟ್‌ನಲ್ಲಿ. ಕೂಟ ಮುಗಿದ ಮೇಲೆ ಪ್ಯಾಟರ್ಸನ್ ನ್ಯೂಯಾರ್ಕ್‌ಗೆ ಹೋಗಿ ಅದೇ ವರ್ಷ ದುಡ್ಡಿಗೆ ಆಡಲು ಶುರು ಮಾಡಿದ. ಪಾಪ್ ಬುಡಾಪೆಸ್ಟ್‌ಗೆ ವಾಪಸ್ ಹೋದ. ಅವನಿಗೆ ಅಂಥ ದಾರಿಯೇ ಇರಲಿಲ್ಲ. ಕಮ್ಯುನಿಸ್ಟ್ ಹಂಗೆರಿಯಲ್ಲಿ ಪ್ರೊಫೆಷನಲ್ ಬಾಕ್ಸಿಂಗ್ ಎಂದರೆ ಬಂಡವಾಳಶಾಹಿಗಳ ಆಟ, ಅಷ್ಟೇ.

ಈ ಹಳೇ ಕಥೆಯನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಒಲಿಂಪಿಕ್ ಬಾಕ್ಸಿಂಗ್ ಇತ್ತೀಚೆಗಷ್ಟೇ ಬಾವಿಯ ಅಂಚಿಗೆ ಹೋಗಿ ಬಂದಿದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮೊದಲ ಪಟ್ಟಿಯಲ್ಲಿ ಬಾಕ್ಸಿಂಗ್ ಇರಲೇ ಇಲ್ಲ. 2025ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದನ್ನು ವಾಪಸ್ ಸೇರಿಸಿತು. ಅಲ್ಲಿಯವರೆಗೆ ಜಗತ್ತಿನ ಸಾವಿರಾರು ಹುಡುಗ ಹುಡುಗಿಯರು ತಾವು ಯಾವುದಕ್ಕಾಗಿ ಬೆಳಗ್ಗೆ ಐದಕ್ಕೆ ಎದ್ದು ಓಡುತ್ತಿದ್ದೇವೆ ಎಂದು ಗೊತ್ತಿಲ್ಲದೆ ಓಡುತ್ತಿದ್ದರು. ಬಾಕ್ಸರ್‌ನ ಒಳ್ಳೆಯ ವರ್ಷಗಳು ಬಹಳ ಕಡಿಮೆ. ಆ ವರ್ಷಗಳ ಮೇಲೆ ಯಾರ ಹಿಡಿತ ಇರಬೇಕು? ಈ ಪ್ರಶ್ನೆಗೆ ಪಾಪ್‌ನ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪಾಪ್ ಹುಟ್ಟಿದ್ದು 1926ರ ಮಾರ್ಚ್ 25ರಂದು, ಬುಡಾಪೆಸ್ಟ್‌ನಲ್ಲಿ. ಹಂಗೆರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ಹಾಗಾಗಿ ಅಲ್ಲಿ ಅವನು ಪಾಪ್ ಲಾಸ್ಲೊ. ಪ್ರೀತಿಯಿಂದ ಕರೆಯುವಾಗ ಪಾಪ್ ಲಾಟ್ಸಿ. ಅವನ ಹರೆಯವೆಲ್ಲ ಎರಡನೇ ಮಹಾಯುದ್ಧದ ಹೊಗೆಯಲ್ಲಿ ಕಳೆಯಿತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಬಂದಾಗ ವಯಸ್ಸು 22. ಅಲ್ಲಿ ಆಡಿದ್ದು ಮಿಡಲ್‌ವೇಟ್‌ನಲ್ಲಿ, ಆಗಿನ ಮಿತಿ 73 ಕೆ.ಜಿ. ಫೈನಲ್‌ನಲ್ಲಿ ಆತಿಥೇಯ ಬ್ರಿಟನ್ನಿನ ಜಾನ್ ರೈಟ್‌ನನ್ನೇ ಸೋಲಿಸಿದ. ಮರುವರ್ಷ ಓಸ್ಲೊದಲ್ಲಿ ಯುರೋಪಿಯನ್ ಚಾಂಪಿಯನ್. 1951ರಲ್ಲಿ ಮಿಲಾನ್‌ನಲ್ಲಿ ಇನ್ನೊಮ್ಮೆ, ಆಗ ಒಂದು ವರ್ಗ ಕೆಳಗಿಳಿದು.

ಅವನ ಆಟ ಅರ್ಥವಾಗಬೇಕಾದರೆ ಅವನ ಕಾಲುಗಳನ್ನು ನೋಡಬೇಕು. ಮಾಮೂಲಿ ಬಾಕ್ಸರ್ ಎಡಗಾಲು ಮುಂದಿಟ್ಟು ನಿಲ್ಲುತ್ತಾನೆ, ಬಲಗೈಯನ್ನು ದೊಡ್ಡ ಗುದ್ದಿಗೆಂದು ಹಿಂದೆ ಕಾಯ್ದಿಡುತ್ತಾನೆ. ಪಾಪ್ ಎಡಗೈ ಬಾಕ್ಸರ್. ಬಲಗಾಲು ಮುಂದೆ, ಎಡಗೈ ಹಿಂದೆ. ಹೀಗೆ ಎದುರುಬದುರು ನಿಂತಾಗ ಇಬ್ಬರ ಮುಂಗಾಲುಗಳೂ ಒಂದೇ ಗೆರೆಗೆ ಬಂದುಬಿಡುತ್ತವೆ. ಯಾರ ಪಾದ ಹೊರಗಡೆ ಹೋಗುತ್ತದೋ ಅವನಿಗೆ ಗುದ್ದಲು ದಾರಿ ಸಿಗುತ್ತದೆ. ಒಂದು ಅಂಗೈ ಅಗಲದ ಜಾಗಕ್ಕಾಗಿ ರೌಂಡ್‌ನ ಮೂರು ನಿಮಿಷವೂ ಪಾದಗಳ ಜಗಳ. ಆ ಜಾಗ ಸಿಕ್ಕ ಕ್ಷಣದಲ್ಲಿ ಪಾಪ್‌ನ ಎಡಗೈ ಹೊರಡುತ್ತಿತ್ತು. ಅಮೆಚೂರ್, ಅಂದರೆ ದುಡ್ಡಿಗಲ್ಲದೆ ಆಡುವ ಬಾಕ್ಸಿಂಗ್ ಎಂದರೆ ಪಾಯಿಂಟ್ ಕೂಡಿಸುವ ಆಟ ಅನ್ನುತ್ತೇವಲ್ವಾ, ಪಾಪ್ ಅಲ್ಲೂ ನಾಕೌಟ್ ಮಾಡಿಯೇ ಹೆಸರಾದವನು.

ಅಷ್ಟು ಜೋರಾಗಿ ಗುದ್ದುವವನ ಕೈಗೂ ಬೆಲೆ ತೆರಬೇಕಾಗುತ್ತದೆ. ಬಾಕ್ಸರ್‌ಗಳು ಗ್ಲೌಸ್ ಹಾಕುವ ಮೊದಲು ಕೈಗೆ ಉದ್ದದ ಬಟ್ಟೆಪಟ್ಟಿ ಸುತ್ತುತ್ತಾರೆ. ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟಿನ ಸುತ್ತ ತಂದು, ಬೆರಳುಗಳ ಗೆಣ್ಣಿನ ಮೇಲೆ ಮತ್ತೆ ಮತ್ತೆ ಹಾಯಿಸಿ. ತಲೆಯ ಮೂಳೆ ಕೈಯ ಮೂಳೆಗಿಂತ ಗಟ್ಟಿ, ಅದಕ್ಕೇ ಇಷ್ಟೆಲ್ಲ ಜೋಪಾನ. ಆದರೂ ಪಾಪ್‌ನ ಕೈಗಳು ವೃತ್ತಿಜೀವನ ಪೂರ್ತಿ ಅವನನ್ನು ಕಾಡಿದವು. ಮುಂದಿನ ಕಥೆ ಓದುವಾಗ ಇದು ನೆನಪಿರಲಿ, ಯಾಕೆಂದರೆ ಅವನಿಗೆ ಅಪ್ಪಣೆ ಕೊಡಲು ತಡಮಾಡಿದ ಒಂದೊಂದು ವರ್ಷವೂ ಆ ಕೈಗಳ ಲೆಕ್ಕದಿಂದ ಕಳೆದದ್ದು.

1952ರ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್‌ಗೆ ಮೊದಲ ಸಲ 71 ಕೆ.ಜಿ. ವರ್ಗ ಬಂತು, ಮಿಡಲ್‌ವೇಟ್ 75ಕ್ಕೆ ಏರಿತು. ಪಾಪ್ 71ಕ್ಕೆ ಇಳಿದ. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ವಾನ್ ಸ್ಕಾಲ್ಕ್‌ವಿಕ್ ಸೋತ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಸಣ್ಣದಲ್ಲ. ಯಾರೋ ಒಂದು ಕೋಣೆಯಲ್ಲಿ ಕೂತು ತೂಕದ ಪಟ್ಟಿ ಬದಲಿಸುತ್ತಾರೆ, ಅದರಿಂದ ಒಬ್ಬನಿಗೆ ಬಾಗಿಲು ತೆರೆಯುತ್ತದೆ, ಇನ್ನೊಬ್ಬನಿಗೆ ಮುಚ್ಚುತ್ತದೆ. 2024ರ ಪ್ಯಾರಿಸ್‌ನಲ್ಲಿ ಗಂಡಸರ 75 ಕೆ.ಜಿ. ವರ್ಗವೇ ಇರಲಿಲ್ಲ. ಹೆಲ್ಸಿಂಕಿಯಿಂದ ಟೋಕಿಯೊವರೆಗೆ ನಡೆದು ಬಂದಿದ್ದ ಮಿಡಲ್‌ವೇಟ್ ಹೋಯಿತು. ಉಳಿದದ್ದು 71 ಮತ್ತು 80. ಸಹಜವಾಗಿ 75 ಕೆ.ಜಿ. ತೂಗುವವನು ಒಂದೋ ಉಪವಾಸ ಬಿದ್ದು ಇಳಿಯಬೇಕು, ಇಲ್ಲವೇ ತನಗಿಂತ ದಪ್ಪನೆಯವರ ಗುದ್ದು ತಿನ್ನಬೇಕು. ಹೆಂಗಸರ ವರ್ಗಗಳು ಆರಕ್ಕೆ ಏರಿದ್ದು ಒಳ್ಳೆಯದೇ, ಏರಲೇಬೇಕಿತ್ತು. ಆದರೆ ಒಟ್ಟು ಸಂಖ್ಯೆಯನ್ನು 13ಕ್ಕೇ ಹಿಡಿದಿಟ್ಟು ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸಿದ್ದು ಸರಿ ಅಂತ ನನಗೆ ಅನಿಸುವುದಿಲ್ಲ.

ಮೆಲ್ಬರ್ನ್‌ಗೆ ಬರೋಣ. 1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಜನ ದಂಗೆ ಎದ್ದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಊರಿಗೆ ನುಗ್ಗಿದವು. 22ರಂದು ಒಲಿಂಪಿಕ್ಸ್ ಆರಂಭ. ಮನೆಯಲ್ಲಿ ಯಾರು ಉಳಿದಿದ್ದಾರೆ, ಯಾರು ಹೋಗಿದ್ದಾರೆ ಎಂಬ ಚಿಂತೆ ಹೊತ್ತುಕೊಂಡೇ ಹಂಗೆರಿಯ ಆಟಗಾರರು ಆಡಿದರು. ಸೆಮಿಫೈನಲ್‌ನಲ್ಲಿ ಪಾಪ್‌ಗೆ ಸಿಕ್ಕವನು ಪೋಲೆಂಡಿನ ಜ್ಬಿಗ್ನೆವ್ ಪಿಯೆಟ್ಷಿಕೊವ್ಸ್ಕಿ, ಪಾಪ್‌ನನ್ನು ಸೋಲಿಸಿದ್ದ ಕೆಲವೇ ಕೆಲವರಲ್ಲಿ ಒಬ್ಬ. ಈ ಸಲ ಪಾಪ್ ಬಿಡಲಿಲ್ಲ. ಫೈನಲ್‌ನಲ್ಲಿ ಅಮೆರಿಕದ ಪರ ಆಡುತ್ತಿದ್ದ ಪೋರ್ಟೊ ರಿಕೊದ ಹೊಸೆ ಟೊರೆಸ್, 20ರ ಹರೆಯದ ಚುರುಕು ಹುಡುಗ. ಪಾಪ್ ಪಾಯಿಂಟ್ಸ್ ಮೇಲೆ ಗೆದ್ದ. ಬಾಕ್ಸಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗ ಅವನು.

ಆ ಕೂಟ ಮುಗಿದ ಮೇಲೆ ಹಂಗೆರಿಯ ಹಲವರು ಊರಿಗೆ ವಾಪಸ್ ಹೋಗಲಿಲ್ಲ. ಫುಟ್‌ಬಾಲ್‌ನಲ್ಲಿ ಪುಷ್ಕಾಶ್, ಕೊಚಿಷ್, ಚಿಬೊರ್ ಎಲ್ಲರೂ ಅದೇ ಸಮಯದಲ್ಲಿ ದೇಶ ಬಿಟ್ಟವರು, ಆಮೇಲೆ ಸ್ಪೇನ್‌ನಲ್ಲಿ ಮಿಂಚಿದವರು. ಪಾಪ್ ಮನೆಗೆ ಮರಳಿದ. ಅಮೆರಿಕದ ಕಡೆ ಒಂದು ಹೆಜ್ಜೆ ಇಟ್ಟಿದ್ದರೆ ಅವನ ಬದುಕು ಬೇರೆಯೇ ಆಗುತ್ತಿತ್ತು.

ಆಗಿನ ಅಮೆರಿಕ ಹೇಗಿತ್ತು ಅನ್ನುವುದಕ್ಕೆ ಒಂದೇ ಸಂಗತಿ ಸಾಕು. ಅದೇ ಮೆಲ್ಬರ್ನ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದ ಪೀಟ್ ರೇಡ್‌ಮ್ಯಾಕರ್ 1957ರ ಆಗಸ್ಟ್‌ನಲ್ಲಿ, ತನ್ನ ಮೊಟ್ಟಮೊದಲ ಪ್ರೊಫೆಷನಲ್ ಪಂದ್ಯದಲ್ಲೇ, ಪ್ಯಾಟರ್ಸನ್ ಎದುರು ವಿಶ್ವ ಪ್ರಶಸ್ತಿಗೆ ಆಡಿದ. ಎರಡನೇ ರೌಂಡ್‌ನಲ್ಲಿ ಪ್ಯಾಟರ್ಸನ್‌ನನ್ನು ಕೆಳಗೂ ಬೀಳಿಸಿದ, ಆರನೇ ರೌಂಡ್‌ನಲ್ಲಿ ತಾನೇ ಸೋತ. ಒಂದು ಚಿನ್ನ ಗೆದ್ದವನಿಗೆ ಮೊದಲ ಪಂದ್ಯಕ್ಕೇ ವಿಶ್ವ ಪ್ರಶಸ್ತಿಯ ಅವಕಾಶ. ಮೂರು ಚಿನ್ನ ಗೆದ್ದವನಿಗೆ ಕೊನೆಯವರೆಗೂ ಇಲ್ಲ.

ಆದರೂ 1957ರಲ್ಲಿ ಹಂಗೆರಿ ಸರ್ಕಾರ ಪಾಪ್‌ಗೆ ದುಡ್ಡಿಗೆ ಆಡಲು ಅಪ್ಪಣೆ ಕೊಟ್ಟಿತು. ಸೋವಿಯತ್ ಬಣದ ಯಾವ ಬಾಕ್ಸರ್‌ಗೂ ಅದಕ್ಕೆ ಮೊದಲು ಸಿಗದ ಅಪ್ಪಣೆ ಅದು. ಆದರೆ ಆಡುವುದೆಲ್ಲ ಹೊರದೇಶದಲ್ಲೇ. ಹಾಗಾಗಿ ಆಸ್ಟ್ರಿಯದ ವಿಯೆನ್ನಾ ಅವನ ಎರಡನೇ ಊರಾಯಿತು. ಅಲ್ಲೇ ತರಬೇತಿ, ಹೆಚ್ಚಿನ ದೊಡ್ಡ ಪಂದ್ಯಗಳೂ ಅಲ್ಲೇ. ತನ್ನ ಹುಟ್ಟೂರಿನವರ ಮುಂದೆ ಪ್ರೊಫೆಷನಲ್ ಆಗಿ ಒಂದು ಸಲವೂ ರಿಂಗ್ ಹತ್ತಲಿಲ್ಲ.

31ನೇ ವಯಸ್ಸಿಗೆ ಶುರು ಮಾಡುವುದೆಂದರೆ ಬಾಕ್ಸಿಂಗ್‌ನಲ್ಲಿ ಸಂಜೆ ಹೊತ್ತಿಗೆ ಅಂಗಡಿ ತೆರೆದ ಹಾಗೆ. ಮೂರು ರೌಂಡ್ ಆಡಿದ ಮೈಯನ್ನು ಹತ್ತು, ಹದಿನೈದು ರೌಂಡ್‌ಗೆ ಒಗ್ಗಿಸಬೇಕು. ಉಸಿರು ಬೇರೆ ಥರ ಕೂಡಿಡಬೇಕು. ಕೈಗಳು ಆಗಲೇ ಜಖಂ. ಇಷ್ಟೆಲ್ಲ ಇದ್ದೂ 1962ರ ಮೇನಲ್ಲಿ, 36ನೇ ವಯಸ್ಸಿನಲ್ಲಿ, ವಿಯೆನ್ನಾದಲ್ಲಿ ಡೆನ್ಮಾರ್ಕಿನ ಕ್ರಿಸ್ ಕ್ರಿಸ್ಟೆನ್ಸನ್‌ನನ್ನು ಸೋಲಿಸಿ ಯುರೋಪಿಯನ್ ಮಿಡಲ್‌ವೇಟ್ ಚಾಂಪಿಯನ್ ಆದ. ಆ ಪಟ್ಟವನ್ನು ಆರು ಸಲ ಉಳಿಸಿಕೊಂಡ. ಅದರಲ್ಲಿ ನಾಲ್ಕು ಸಲ ಸುಲಭದ ಜಾಗದಲ್ಲಿ ಅಲ್ಲ. ಪ್ಯಾರಿಸ್, ಡಾರ್ಟ್‌ಮುಂಡ್, ಮ್ಯಾಡ್ರಿಡ್, ಕೋಪನ್‌ಹೇಗನ್, ಎಲ್ಲ ಎದುರಾಳಿಯ ಮನೆಯಂಗಳದಲ್ಲೇ. 1964ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಐರಿಷ್ ಬಾಕ್ಸರ್ ಮಿಕ್ ಲೀಹಿಯನ್ನು ಸೋಲಿಸಿದ. ಅದೇ ಅವನ ಕೊನೆಯ ಪಂದ್ಯ ಎಂದು ಆ ರಾತ್ರಿ ಅಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಆಗ ವಿಶ್ವ ಮಿಡಲ್‌ವೇಟ್ ಪಟ್ಟ ಅಮೆರಿಕದ ಜೋಯಿ ಜಿಯಾರ್ಡೆಲ್ಲೊ ಕೈಯಲ್ಲಿತ್ತು. 1963ರ ಡಿಸೆಂಬರ್‌ನಿಂದ 1965ರ ಅಕ್ಟೋಬರ್‌ವರೆಗೆ ಅವನೇ ಚಾಂಪಿಯನ್. ಪಾಪ್ ಮುಂದಿನ ಸರದಿಯಲ್ಲಿದ್ದ, ಮಾತುಕತೆ ನಡೆದಿತ್ತು. ಅಷ್ಟರಲ್ಲಿ ಸರ್ಕಾರ ಅಪ್ಪಣೆ ವಾಪಸ್ ತೆಗೆದುಕೊಂಡಿತು. ದುಡ್ಡಿಗಾಗಿ ಗುದ್ದಾಡುವುದು ಸಮಾಜವಾದಿ ತತ್ವಕ್ಕೆ ಒಗ್ಗುವುದಿಲ್ಲ ಎಂಬುದು ಕಾರಣ. ಏಳೆಂಟು ವರ್ಷ ಒಗ್ಗಿದ್ದು ಅಲ್ಲಿಗೆ ಒಗ್ಗದೇ ಹೋಯಿತು. 29 ಪಂದ್ಯ, 27 ಗೆಲುವು, 2 ಡ್ರಾ, ಸೋಲು ಇಲ್ಲ. ಲೆಕ್ಕ ಅಲ್ಲಿಗೆ ನಿಂತಿತು.

1965ರ ಮಾರ್ಚ್ 30ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹೊಸೆ ಟೊರೆಸ್ ವಿಶ್ವ ಲೈಟ್ ಹೆವಿವೇಟ್ ಚಾಂಪಿಯನ್ ಆದ. ಮೆಲ್ಬರ್ನ್‌ನಲ್ಲಿ ಪಾಪ್ ಎದುರು ಸೋತಿದ್ದ ಅದೇ ಟೊರೆಸ್. ಗೆದ್ದವನನ್ನು ಮನೆಗೆ ಕಳಿಸಿದ ವರ್ಷವೇ ಸೋತವನು ಜಗತ್ತಿನ ಮೇಲೆ ನಿಂತ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪಾಪ್ ಗೆಲ್ಲುತ್ತಿದ್ದನಾ? ಖಂಡಿತ ಅಂತ ಹೇಳಲು ನಾನು ತಯಾರಿಲ್ಲ. 39 ವರ್ಷ, ಜಖಂ ಆದ ಕೈಗಳು, ಎದುರಿಗೆ ನೂರಕ್ಕೂ ಹೆಚ್ಚು ಪಂದ್ಯ ಆಡಿದ ಜಿಯಾರ್ಡೆಲ್ಲೊ. ಸೋಲಬಹುದಿತ್ತು. ಆದರೆ ಆ ಸೋಲೂ ಅವನದೇ ಆಗಿರುತ್ತಿತ್ತು. ಸೋಲುವ ಹಕ್ಕನ್ನೂ ಕಿತ್ತುಕೊಂಡರೆ ಸೋಲಿಲ್ಲದ ದಾಖಲೆಗೆ ಏನು ಬೆಲೆ? ಆ ಸೊನ್ನೆಯನ್ನು ಹೊಗಳುವವರು ಅದರ ಪಕ್ಕದಲ್ಲಿರುವ ಖಾಲಿ ಸಾಲನ್ನೂ ನೋಡಬೇಕು.

ಮೂರು ಚಿನ್ನದ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಒಂದು ಮಾತಿದೆ. ಪಾಪ್ ನಂತರ ಬಾಕ್ಸಿಂಗ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು ಇನ್ನಿಬ್ಬರೇ. ಕ್ಯೂಬಾದ ತಿಯೊಫಿಲೊ ಸ್ಟೀವನ್ಸನ್, 1972ರಿಂದ 1980ರವರೆಗೆ. ಕ್ಯೂಬಾದ ಫೆಲಿಕ್ಸ್ ಸಾವೊನ್, 1992ರಿಂದ 2000ದವರೆಗೆ. ಮೂವರೂ ಕಮ್ಯುನಿಸ್ಟ್ ದೇಶದವರು, ಮೂವರೂ ದುಡ್ಡಿಗೆ ಆಡುವುದನ್ನು ನಿಷೇಧಿಸಿದ್ದ ನಾಡಿನವರು. ಅಮೆರಿಕದ ಒಬ್ಬ ಗಂಡಸೂ ಈ ಪಟ್ಟಿಯಲ್ಲಿಲ್ಲ, ಯಾಕೆಂದರೆ ಅಲ್ಲಿ ಒಂದು ಚಿನ್ನ ಗೆದ್ದವನು ಮರುದಿನವೇ ಕರಾರಿಗೆ ಸಹಿ ಹಾಕುತ್ತಾನೆ. ಕ್ಲಾರೆಸ್ಸಾ ಶೀಲ್ಡ್ಸ್ 2012 ಮತ್ತು 2016ರಲ್ಲಿ ಹೆಂಗಸರ ಮಿಡಲ್‌ವೇಟ್ ಚಿನ್ನ ಗೆದ್ದು ಅದೇ ನವೆಂಬರ್‌ನಲ್ಲಿ ಪ್ರೊಫೆಷನಲ್ ಆದಳು. ಮೂರನೆಯದಕ್ಕೆ ಕಾಯಲಿಲ್ಲ.

ಅಂದರೆ ಮೂರು ಚಿನ್ನ ಅನ್ನುವುದು ಪ್ರತಿಭೆಯ ಅಳತೆ ಹೌದು, ಬೇಲಿಯ ಎತ್ತರದ ಅಳತೆಯೂ ಹೌದು. ಬೇಲಿ ಇದ್ದದ್ದರಿಂದಲೇ ಅವನಿಗೆ ಮೂರು ಚಿನ್ನ ಬಂತಲ್ಲ, ಆ ಲೆಕ್ಕದಲ್ಲಿ ಲಾಭವೇ ಆಯಿತಲ್ಲ ಅನ್ನುವವರಿದ್ದಾರೆ. ಹಾಗೆ ನೋಡಿದರೆ ಅದು ನಿಜವೇ. ಆದರೆ ಆ ಲಾಭ ಯಾರ ಖಾತೆಗೆ ಹೋಯಿತು? ದೇಶಕ್ಕೆ ಪದಕ, ಸರ್ಕಾರಕ್ಕೆ ಹೆಮ್ಮೆ. ಗುದ್ದು ತಿಂದ ಮೈ ಮಾತ್ರ ಪಾಪ್‌ದು. ಅಮೆಚೂರ್ ಎಂಬ ಪದವನ್ನು ಆ ಕಾಲದಲ್ಲಿ ಪೂರ್ವ, ಪಶ್ಚಿಮ ಎರಡೂ ಕಡೆ ತಮಗೆ ಬೇಕಾದಂತೆ ಬಳಸಿದರು. ಪಶ್ಚಿಮದಲ್ಲಿ ಅದು ದುಡ್ಡಿನ ಆಟಕ್ಕೆ ಹೋಗುವ ಮೆಟ್ಟಿಲು. ಪೂರ್ವದಲ್ಲಿ ಅದೇ ಮನೆ, ಅದಕ್ಕೆ ಹೊರಗಿಂದ ಬೀಗ.

ಆ ಬೀಗಗಳು ಒಂದೊಂದಾಗಿ ಕಳಚಿದವು. ಹಂಗೆರಿಯಲ್ಲಿ ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಬಂದವನು ಜೊಲ್ಟ್ ಎರ್ಡೇಯಿ. 1997ರಲ್ಲಿ ಬುಡಾಪೆಸ್ಟ್‌ನಲ್ಲೇ ನಡೆದ ವಿಶ್ವ ಅಮೆಚೂರ್ ಕೂಟದಲ್ಲಿ ಮಿಡಲ್‌ವೇಟ್ ಚಿನ್ನ, 2000ದ ಸಿಡ್ನಿಯಲ್ಲಿ ಅದೇ ವರ್ಗದಲ್ಲಿ ಕಂಚು. ನಂತರ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪ್ರೊಫೆಷನಲ್ ಪಂದ್ಯ ಏರ್ಪಡಿಸುವ ಯೂನಿವರ್ಸಮ್ ಸಂಸ್ಥೆಗೆ ಸೇರಿ 2004ರ ಜನವರಿಯಲ್ಲಿ, 29ನೇ ವಯಸ್ಸಿಗೆ, ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್. ಪಾಪ್ ತನ್ನ ಮೊದಲ ಪ್ರೊಫೆಷನಲ್ ಪಂದ್ಯ ಆಡುವ ವಯಸ್ಸಿಗೆ ಮೊದಲೇ ಎರ್ಡೇಯಿ ಪಟ್ಟ ಕಟ್ಟಿಕೊಂಡಿದ್ದ. ಎರ್ಡೇಯಿಯ ಆ ಸಿಡ್ನಿ ಕಂಚೇ ಬಾಕ್ಸಿಂಗ್‌ನಲ್ಲಿ ಹಂಗೆರಿಗೆ ಬಂದ ಕೊನೆಯ ಒಲಿಂಪಿಕ್ ಪದಕ ಎಂಬುದನ್ನೂ ಹೇಳಬೇಕು. ಬೇಲಿ ತೆಗೆದರೆ ಸಾಲದು, ಒಳಗೆ ಬೆಳೆಸುವವರೂ ಬೇಕು.

ಕ್ಯೂಬಾ 2022ರವರೆಗೆ ಕಾಯಿತು. ಅರವತ್ತು ವರ್ಷದ ನಿಷೇಧ ಸಡಿಲಿಸಿ ತನ್ನ ಬಾಕ್ಸರ್‌ಗಳನ್ನು ಮೆಕ್ಸಿಕೊದಲ್ಲಿ ಆಡಿಸಿತು. ಅಂದು ಆಡಿದವರಲ್ಲಿ 2016ರ ಮಿಡಲ್‌ವೇಟ್ ಚಿನ್ನದ ಆರ್ಲೆನ್ ಲೋಪೆಸ್ ಇದ್ದ. ಇನ್ನೊಂದು ಕಡೆಯಿಂದ, 2016ರಲ್ಲಿ ಪ್ರೊಫೆಷನಲ್‌ಗಳಿಗೂ ಒಲಿಂಪಿಕ್ಸ್ ಬಾಗಿಲು ತೆರೆಯಿತು. ನಮ್ಮ ವಿಜೇಂದರ್ ಸಿಂಗ್ 2008ರ ಬೀಜಿಂಗ್‌ನಲ್ಲಿ ಇದೇ 75 ಕೆ.ಜಿ.ಯಲ್ಲಿ ಭಾರತಕ್ಕೆ ಬಾಕ್ಸಿಂಗ್‌ನ ಮೊದಲ ಒಲಿಂಪಿಕ್ ಪದಕ ತಂದವನು. ಅವನು ಪ್ರೊಫೆಷನಲ್ ಆಗಿದ್ದು 2015ರಲ್ಲಿ. ಆಗ ಅದು ಒಲಿಂಪಿಕ್ಸ್‌ಗೆ ಬೆನ್ನು ಹಾಕಿ ಹೋದಂತೆಯೇ ಇತ್ತು.

ಹಾಗಾದರೆ ಈಗ ಎಲ್ಲ ಸರಿಹೋಯಿತೇ? ಇಲ್ಲ. ಈಗ ಬಾಕ್ಸರ್‌ನ ವರ್ಷಗಳನ್ನು ತಿನ್ನುತ್ತಿರುವುದು ಸರ್ಕಾರಕ್ಕಿಂತ ಜಾಸ್ತಿ ಆಟವನ್ನು ನಡೆಸುವ ಸಂಸ್ಥೆಗಳ ಜಗಳ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತೀರ್ಪುಗಳ ಮೇಲೆ ಅನುಮಾನ ಎದ್ದಿತು. ಅಲ್ಲಿ ಕೆಲವು ಪಂದ್ಯಗಳ ಫಲಿತಾಂಶ ತಿರುಚಲಾಗಿತ್ತು ಎಂದು 2021ರಲ್ಲಿ ಮೆಕ್‌ಲಾರೆನ್ ಎಂಬ ವಕೀಲ ನಡೆಸಿದ ಸ್ವತಂತ್ರ ತನಿಖೆ ಹೇಳಿತು. ಆ ಹೊತ್ತಿಗೆ ಹಳೆಯ ಅಂತರರಾಷ್ಟ್ರೀಯ ಸಂಘ 2019ರಲ್ಲೇ ಅಮಾನತಾಗಿತ್ತು. ಅದನ್ನು ಸರಿಮಾಡಲು 2021ರಲ್ಲಿ ಪ್ರಧಾನ ಕಾರ್ಯದರ್ಶಿಯಾಗಿ ಹೋದವನೂ ಹಂಗೆರಿಯವನೇ, 1996ರ ಅಟ್ಲಾಂಟಾ ಚಿನ್ನದ ಇಶ್ಟ್ವಾನ್ ಕೊವಾಚ್. ಪಾಪ್ ರಾಷ್ಟ್ರೀಯ ತಂಡದ ಕೋಚ್ ಆಗಿದ್ದಾಗ ಬೆಳೆದ ಹುಡುಗ. ಆದರೂ 2023ರ ಜೂನ್‌ನಲ್ಲಿ ಆ ಸಂಘದ ಮಾನ್ಯತೆಯೇ ಹೋಯಿತು. ಅದೇ ವರ್ಷ ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆ ಹುಟ್ಟಿತು. 2025ರಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿತು, ಭಾರತವೂ ಈಗ ಅದರಲ್ಲಿದೆ.

2019ರಿಂದ 2025. ಆರು ವರ್ಷ. ಆಫೀಸಿನಲ್ಲಿ ಕೂತವರಿಗೆ ಅದು ಕಾಗದಪತ್ರದ ಕಾಲ. 20 ವರ್ಷದ ಬಾಕ್ಸರ್‌ಗೆ ಅದು ಹೆಚ್ಚುಕಡಿಮೆ ಇಡೀ ಯೌವನ. ಹಳೆಯ ಸಂಘದ ಕೂಟಕ್ಕೆ ಹೋದರೆ ದೊಡ್ಡ ಬಹುಮಾನದ ಹಣ ಇತ್ತು, 2023ರ ದೆಹಲಿ ಮಹಿಳಾ ವಿಶ್ವ ಕೂಟದಲ್ಲಿ ಚಿನ್ನಕ್ಕೆ 1 ಲಕ್ಷ ಡಾಲರ್. ಆದರೆ ಒಲಿಂಪಿಕ್ಸ್‌ಗೆ ದಾರಿ ಇರಲಿಲ್ಲ. ಎತ್ತ ಹೋಗಲಿ ಎಂದು ಒಬ್ಬ ಹುಡುಗಿ ಕೇಳಿದರೆ ಅವಳ ಕೋಚ್ ಏನು ಹೇಳಬೇಕಿತ್ತು?

2025ರ ನವೆಂಬರ್‌ನಲ್ಲಿ ವರ್ಲ್ಡ್ ಬಾಕ್ಸಿಂಗ್‌ಗೆ ಗೆನ್ನಡಿ ಗೊಲೊವ್ಕಿನ್ ಅಧ್ಯಕ್ಷನಾದ. ಕಜಕಸ್ತಾನದವನು, 2004ರ ಅಥೆನ್ಸ್‌ನಲ್ಲಿ ಮಿಡಲ್‌ವೇಟ್ ಬೆಳ್ಳಿ, ಆಮೇಲೆ ಎರ್ಡೇಯಿಯಂತೆಯೇ ಹ್ಯಾಂಬರ್ಗ್‌ಗೆ ಹೋಗಿ ಪ್ರೊಫೆಷನಲ್ ಆಗಿ ಅದೇ ಮಿಡಲ್‌ವೇಟ್ ಅನ್ನು ವರ್ಷಗಟ್ಟಲೆ ಆಳಿದವನು. ಅವನು ಹುಟ್ಟಿದಾಗ ಅವನ ನಾಡು ಸೋವಿಯತ್ ಒಕ್ಕೂಟದ ಭಾಗ. ಇಪ್ಪತ್ತು ವರ್ಷ ಮೊದಲು ಹುಟ್ಟಿದ್ದರೆ ಅವನ ಕಥೆಯೂ ಬೆಳ್ಳಿಗೇ ಮುಗಿಯುತ್ತಿತ್ತು. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಹಾಗಾಗಿ ನನಗೆ ಅವನ ಮೇಲೆ ಭರವಸೆ ಇದೆ. ತೂಕದ ವರ್ಗಗಳನ್ನು, ಅರ್ಹತಾ ಕೂಟಗಳನ್ನು ನಾಲ್ಕು ವರ್ಷ ಮೊದಲೇ ಹೇಳಿ ಅದಕ್ಕೆ ಬದ್ಧನಾಗಿದ್ದರೆ ಅಷ್ಟೇ ದೊಡ್ಡ ಕೆಲಸ.

ಪಾಪ್ ಕಹಿ ಮನಸ್ಸಿನಿಂದ ಆಟ ಬಿಟ್ಟು ದೂರ ಹೋಗಲಿಲ್ಲ. ತನ್ನನ್ನು ತಡೆದ ದೇಶದ ತಂಡಕ್ಕೇ ಕೋಚ್ ಆಗಿ ಎರಡು ದಶಕ ಹುಡುಗರನ್ನು ಬೆಳೆಸಿದ. 2001ರಲ್ಲಿ ಅವನ ಹೆಸರು ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಸೇರಿತು. ಅದೇ ವರ್ಷ ಕೊವಾಚ್ ಬುಡಾಪೆಸ್ಟ್‌ನಲ್ಲಿ, ತನ್ನ ಜನರ ಮುಂದೆ, ತನ್ನ ವಿಶ್ವ ಫೆದರ್‌ವೇಟ್ ಪಟ್ಟ ಉಳಿಸಿಕೊಳ್ಳಲು ಆಡಿದ. ಸೋತ. ಪ್ರೊಫೆಷನಲ್ ಆಗಿ ಅವನ ಒಂದೇ ಸೋಲು ಅದು. 2003ರ ಅಕ್ಟೋಬರ್ 16ರಂದು ಪಾಪ್ ತೀರಿಕೊಂಡ. ಆ ವರ್ಷವೇ ಬುಡಾಪೆಸ್ಟ್‌ನಲ್ಲಿ, 1999ರಲ್ಲಿ ಸುಟ್ಟುಹೋಗಿದ್ದ ಹಳೆಯ ಕ್ರೀಡಾಂಗಣದ ಜಾಗದಲ್ಲಿ ಹೊಸದೊಂದು ತೆರೆದಿತ್ತು. ಮರುವರ್ಷ ಅದರ ಬಾಗಿಲ ಮೇಲೆ ಪಾಪ್ ಲಾಸ್ಲೊ ಎಂದು ಬರೆದರು.